ತೊಟ್ಟಿಲು ಗುರುತಿನ ಭಾವ

ಎಲೆಕ್ಷನ್ನು ಬೇರೆಯವರಿಗೆ ಹೇಗೋ ಗೊತ್ತಿಲ್ಲ, ನನಗಂತೂ ಒಂದಲ್ಲ ಒಂದು ಫಜೀತಿ ಇಲ್ಲದೆ ಅದು ಮುಗಿದದ್ದೇ ಇಲ್ಲ. ಫಜೀತಿ ನನ್ನನ್ನು ಹುಡುಕಿಕೊಂಡು ಬರುತ್ತದೋ, ಇಲ್ಲ ನಾನೇ ಬಾಗಿಲು ತೆಗೆದಿಟ್ಟು ಕಾಯುತ್ತಾ ಕೂತಿರುತ್ತೇನೋ, ಓದಿ ನೀವೇ ಹೇಳಿ.

ಮೊದಲು ನಾನ್ಯಾರು ಅಂತ ಹೇಳಿಬಿಡುತ್ತೇನೆ. ಗೊರೂರು ಅಣೆಕಟ್ಟಿನಲ್ಲಿ ನೀರಿನ ಮಟ್ಟ ನೋಡಿ ಬರೆದುಕೊಳ್ಳುವ ಕೆಲಸದಲ್ಲಿದ್ದೆ. ನೀರು ಮಾತಾಡುವುದಿಲ್ಲ, ನಾನೂ ಹೆಚ್ಚು ಮಾತಾಡದೆ ರಿಟೈರಾದೆ. ಕ್ವಾರ್ಟರ್ಸ್ ಬಿಟ್ಟ ಮೇಲೆ ಹೆಂಡತಿಯ ಊರಿನಲ್ಲಿ ಒಂದು ಮನೆ ಕಟ್ಟಿಕೊಂಡೆವು. ಹಾಸನದ ಕಡೆ ಮೊಸಳೆ ಅಂತಲೇ ಒಂದು ಊರಿದೆ, ಅದನ್ನು ದಾಟಿ ಸ್ವಲ್ಪ ಮುಂದಕ್ಕೆ ಹೋದರೆ ಸಿಗುವ ಹಳ್ಳಿ. ಮಕ್ಕಳಿಲ್ಲ. ಊರಿಗೆಲ್ಲ ಅವಳು ಅಕ್ಕ, ಆದ್ದರಿಂದ ಊರಿಗೆಲ್ಲ ನಾನು ಭಾವ. ಮೂರು ವರ್ಷದ ಹಿಂದೆ ಅಕ್ಕ ತೀರಿಕೊಂಡಳು, ಭಾವ ಉಳಿದುಕೊಂಡ.

ಅವಳಿದ್ದಾಗ ನಮ್ಮ ಜಗುಲಿ ಖಾಲಿ ಇದ್ದದ್ದೇ ಇಲ್ಲ. ಅವರೆಲ್ಲ ಬರುತ್ತಿದ್ದದ್ದು ಅವಳ ಜೊತೆ ಮಾತಾಡುವುದಕ್ಕೆ ಅಂತ ಅವಳು ಹೋದಮೇಲೇ ನನಗೆ ಗೊತ್ತಾದದ್ದು. ಊರಲ್ಲಿ ಯಾರೂ ಕೆಟ್ಟವರಲ್ಲ, ಆ ಮಾತು ಬೇರೆ. ದಾರಿಯಲ್ಲಿ ಸಿಕ್ಕರೆ “ಊಟ ಆಯ್ತಾ ಭಾವ?” ಅನ್ನುತ್ತಾರೆ. “ಆಯ್ತು” ಅನ್ನುವಷ್ಟರಲ್ಲಿ ಬೈಕು ತಿರುವು ದಾಟಿರುತ್ತದೆ. ಬೆಳಗಿನಿಂದ ಸಂಜೆವರೆಗೆ “ಆಯ್ತು” ಅನ್ನುವುದೊಂದನ್ನು ಬಿಟ್ಟು ಬೇರೆ ಮಾತೇ ಆಡದ ದಿನಗಳಿವೆ. ನಿಜ ಹೇಳುತ್ತೇನೆ, ಆ ದಿನಗಳಲ್ಲಿ ನನಗೆ ಅಳು ಬರುತ್ತಿತ್ತು. ಇಂಥ ಹೊತ್ತಿನಲ್ಲಿ ಪಂಚಾಯ್ತಿ ಎಲೆಕ್ಷನ್ ಬಂತು.

ಆರಿಹೋದ ಕಾಫಿ

ಮೊದಲು ಬಂದವನು ಮೊಸಳೆಯಲ್ಲಿ ಗೊಬ್ಬರದಂಗಡಿ ಇಟ್ಟಿರುವವನು. ಜಗುಲಿ ಮೇಲೆ ಕೂತ. ನನಗೆ ಸಂಭ್ರಮವೋ ಸಂಭ್ರಮ. ಒಳಗೆ ಓಡಿ ಕಾಫಿ ಕಾಸಿ ತಂದೆ.

“ಭಾವ, ಈ ಸಲ ನಾನು ನಿಂತಿವ್ನಿ. ನಿಮ್ಮ ಓಟು ನಂಗೇ ಅಲ್ವಾ?”

“ಅದೇನ್ ಕೇಳ್ತೀಯಪ್ಪ, ನಿಂಗೇ ಕಣ.”

“ಅಷ್ಟ್ ಸಾಕು ಭಾವ, ಬತ್ತೀನಿ” ಅಂದವನೇ ಎದ್ದ. ಕಾಫಿ ಲೋಟ ಮುಟ್ಟಿಯೂ ಇರಲಿಲ್ಲ. ಚಪ್ಪಲಿ ಮೆಟ್ಟಿಕೊಳ್ಳುತ್ತಲೇ ಮುಂದಿನ ಮನೆಯವರನ್ನು ಕೂಗುತ್ತಿದ್ದ. ನಾನು ಎರಡು ಲೋಟದ ಕಾಫಿಯನ್ನೂ ಒಬ್ಬನೇ ಕುಡಿದೆ, ಆರಿಹೋದದ್ದನ್ನು. ಎಂಥಾ ದಡ್ಡ ನಾನು! ಓಟು ಕೊಡುತ್ತೇನೆ ಅಂದುಬಿಟ್ಟರೆ ಆಮೇಲೆ ಕೂತು ಮಾತಾಡುವುದಕ್ಕೆ ಅವನಿಗೇನು ಉಳಿಯಿತು?

ಮಾರನೇ ದಿನ ಅವನ ಎದುರಾಳಿ ಬಂದ. ಇವನು ಜೆಸಿಬಿ ಇಟ್ಟಿರುವವನು, ಅರಕಲಗೂಡಿನವರೆಗೂ ಕೆಲಸ ಹಿಡಿಯುತ್ತಾನೆ. ಜೊತೆಗೆ ಹೆಂಡತಿಯನ್ನೂ ಕರೆದುಕೊಂಡು ಬಂದಿದ್ದ. ಅವನಿಗೆ ನಾನು ಭಾವನಾದ್ದರಿಂದ ಅವಳಿಗೆ ಅಣ್ಣ. ಈ ಸಲ ನಾನು ಹುಷಾರಾಗಿದ್ದೆ.

“ಭಾವ, ನಿಮ್ಮ ಓಟು...”

“ಇನ್ನೂ ಯೋಚ್ನೆ ಮಾಡ್ತಾ ಇವ್ನಿ ಕಣಪ್ಪ.”

ಅಬ್ಬಬ್ಬಾ, ಆ ಒಂದು ಮಾತಿನ ಮಹಿಮೆಯೇ! ಅವನು ಚಪ್ಪಲಿ ಬಿಟ್ಟು ಒಳಗೇ ಬಂದ. ನನ್ನ ಮಂಡಿನೋವು ಕೇಳಿದ. ಗೊರೂರಿನ ನೀರಿನ ವಿಚಾರ ಕೇಳಿದ. ಅದನ್ನು ಈವರೆಗೆ ನನ್ನ ಹೆಂಡತಿಯೂ ಕೇಳಿರಲಿಲ್ಲ. ಅವನ ಹೆಂಡತಿ ಹೆಚ್ಚು ಮಾತಾಡಲಿಲ್ಲ. ಲೋಟ ತೊಳೆದಿಟ್ಟಳು, ಅಡುಗೆಮನೆಯಲ್ಲಿ ಒಂದೇ ಒಂದು ತಟ್ಟೆ ಬೋರಲು ಬಿದ್ದಿದ್ದನ್ನು ನೋಡಿ “ಒಬ್ರೇ ಬೇಯಿಸ್ಕೊತೀರಾ ಅಣ್ಣ?” ಅಂದಳು, ಅಷ್ಟೆ. ಮಾರನೇ ದಿನ ಮತ್ತೆ ಬಂದರು. ಅದರ ಮಾರನೇ ದಿನವೂ ಬಂದರು. ಭಾವ ಇನ್ನೂ ಯೋಚನೆ ಮಾಡುತ್ತಿದ್ದಾರಂತೆ ಅನ್ನುವ ಸುದ್ದಿ ಗೊಬ್ಬರದಂಗಡಿಗೂ ಮುಟ್ಟಿತು. ಅವನು ಏದುಸಿರು ಬಿಡುತ್ತಾ ಬಂದು ಕೂತ.

“ಏನ್ ಭಾವ, ನಂಗೇ ಅಂದಿದ್ರಿ?”

“ಅಂದಿದ್ದೆ ಕಣ. ನೀನು ಕಾಫಿ ಕುಡೀಲಿಲ್ವಲ್ಲ, ಅದ್ಕೆ ಯೋಚ್ನೆ ಬಂತು.”

ಅವನು ಅವತ್ತು ನನ್ನ ಮನೆಯಲ್ಲಿ ಮೂರು ಲೋಟ ಕಾಫಿ ಕುಡಿದ.

ಕುಕ್ಕರ್ ವಾಪಸ್ ಕೊಡಬಾರದು

ಒಂದು ವಾರ ಕಳೆಯುವಷ್ಟರಲ್ಲಿ ಜೆಸಿಬಿಯವನ ತಮ್ಮ ಮನೆಮನೆಗೆ ಕುಕ್ಕರ್ ಹಂಚುತ್ತಾ ಬಂದ. ನನಗೂ ಒಂದು ಇಟ್ಟು ಹೋದ. ಹತ್ತು ಜನಕ್ಕೆ ಅನ್ನ ಆಗುವಂಥದ್ದು. ನಾನೊಬ್ಬ ಅದರಲ್ಲಿ ಅನ್ನ ಮಾಡಿಕೊಂಡರೆ ಅಕ್ಕಿ ತಳದಲ್ಲಿ ಎಲ್ಲಿದೆ ಅಂತ ಹುಡುಕಬೇಕು. ಆದರೂ ಒಂದು ದಿನ ಒಲೆಗಿಟ್ಟೆ. ಅದರ ಸೀಟಿ ಬೀದಿಗೆಲ್ಲ ಕೇಳಿಸಿತು. ಪಕ್ಕದ ಮನೆಯ ಮೇಷ್ಟ್ರು ಓಡಿ ಬಂದರು. “ನೆಂಟ್ರು ಬಂದವ್ರಾ ಭಾವ?” ಅಂದರು. ನಾನು ಇಲ್ಲ ಅಂದೆ. ಅವರಿಗಿಂತ ನನಗೇ ಹೆಚ್ಚು ಬೇಜಾರಾಯಿತು.

ಈ ಮೇಷ್ಟ್ರು ಚನ್ನರಾಯಪಟ್ಟಣದಲ್ಲಿ ಪಾಠ ಹೇಳಿ ರಿಟೈರಾಗಿ ಬಂದವರು. ಪ್ರಜಾಪ್ರಭುತ್ವದ ವಿಷಯದಲ್ಲಿ ಬಲು ಶಿಸ್ತು. ಕುಕ್ಕರ್ ಕಂಡಿದ್ದೇ ಶುರು ಮಾಡಿದರು.

“ಭಾವ, ಮತ ಅಂದ್ರೆ ಮಗಳಿದ್ದಂಗೆ. ಮಾರ್ಕೊಬಾರ್ದು. ನೋಡಿ, ನಾನು ನನಗೋಸ್ಕರ ಒಂದು ಚಮಚಾನೂ ಕೇಳ್ಲಿಲ್ಲ. ಸಾರ್ವಜನಿಕ ಕೆಲಸ ಕೇಳ್ದೆ. ಒಂದು ಬೀದಿ ದೀಪ, ಅಷ್ಟೇ.”

“ಎಲ್ಲಿಗೆ ಮೇಷ್ಟ್ರೇ?”

“ನಮ್ಮ ಗೇಟ್ ಎದುರಿಗೆ.”

“ನಿಮ್ಮನೇಗೂ ಕುಕ್ಕರ್ ಬಂತಲ್ಲ?”

“ಅದನ್ನ ನಮ್ಮ ಮನೆಯವ್ರು ಈಸ್ಕೊಂಡ್ರು. ಅವ್ರ ಮತ ಬೇರೆ, ನನ್ನ ಮತ ಬೇರೆ.”

ಅವರ ಮಾತಿಗಲ್ಲ, ನನ್ನ ಹೆಂಡತಿಯ ನೆನಪಿಗೆ ನನಗೆ ಮುಜುಗರವಾಯಿತು. ಅವಳಿದ್ದಿದ್ದರೆ “ಓಟು ಕೇಳೋರ ಮನೇದು ಒಂದು ಕಡ್ಡೀನೂ ಬ್ಯಾಡ, ಕೊಟ್ ಬಾ ಓಗು” ಅಂತ ನನ್ನನ್ನು ಬಾಗಿಲಿಂದ ಆಚೆ ದಬ್ಬುತ್ತಿದ್ದಳು. ಸರಿ, ಕುಕ್ಕರನ್ನು ಹೆಗಲ ಮೇಲೆ ಹೊತ್ತು ಬೀದಿಯಲ್ಲೇ ನಡೆದುಕೊಂಡು ಹೋಗಿ ಜೆಸಿಬಿಯವನ ಮನೆಯಲ್ಲಿ ಇಟ್ಟುಬಂದೆ.

ಕುಕ್ಕರ್ ಇಟ್ಟುಕೊಂಡವನನ್ನು ಯಾರೂ ಕೇಳುವುದಿಲ್ಲ, ವಾಪಸ್ ಕೊಟ್ಟವನನ್ನು ಊರೇ ಹಿಡಿದುಕೊಳ್ಳುತ್ತದೆ ಅಂತ ನನಗೇನು ಗೊತ್ತಿತ್ತು? ಭಾವ ಕುಕ್ಕರ್ ಬಿಸಾಕಿದರಂತೆ, ಗೊಬ್ಬರದಂಗಡಿಯವನು ಏನೋ ದೊಡ್ಡದೇ ಕೊಟ್ಟಿರಬೇಕು ಅಂತ ಸುದ್ದಿಯಾಯಿತು. ಸಂಜೆಯೊಳಗೆ ಜೆಸಿಬಿಯವನು ಗಾಬರಿಯಲ್ಲಿ ಓಡಿಬಂದ.

“ಭಾವ, ಅವ್ನು ಏನ್ ಕೊಟ್ಟ? ನೀವು ಬಾಯಿಬಿಟ್ಟು ಏಳಿ, ಅದ್ಕಿಂತ ಒಂದು ಕೈ ಮೇಲೇ ಮಾಡ್ತೀನಿ.”

“ಏನೂ ಬೇಡಪ್ಪ, ಬೇಕಾದ್ರೆ ದಿನಾ ಬಂದು ಒಂದು ಗಳಿಗೆ ಕೂತ್ಕೊ.”

ಅವನು ತಲೆ ಕೆರೆದುಕೊಂಡ. ಹೊರಗೆ ಹೋಗಿ ತಮ್ಮನ ಕಿವಿಯಲ್ಲಿ ಹೇಳಿದ್ದು ನನಗೂ ಕೇಳಿಸಿತು: “ಲೇ, ಭಾವ ಭಾಳ ದೊಡ್ಡ ರೇಟಿಗೇ ಕೈ ಹಾಕವ್ರೆ ಕಣ್ಲಾ.”

ಎರಡು ಟ್ರಿಪ್ಪಿನ ಆಣೆ

ನಮ್ಮ ಕಡೆ ಕುಕ್ಕರಿಗಿಂತ ಗಟ್ಟಿಯಾದದ್ದು ಆಣೆ. ಕುಕ್ಕರ್ ತಗೊಂಡು ಓಟು ಬೇರೆಯವರಿಗೆ ಒತ್ತಬಹುದು, ಅದಕ್ಕೆ ದೇವರು ಏನೂ ಅನ್ನುವುದಿಲ್ಲ. ಕರ್ಪೂರ ಮುಟ್ಟಿ ಆಣೆ ಮಾಡಿದಮೇಲೆ ಹಾಗೆ ಮಾಡಿದರೆ ಮಾತ್ರ ಅವನು ಬಿಡುವುದಿಲ್ಲ.

ಗೊಬ್ಬರದಂಗಡಿಯವನು ಟೆಂಪೋ ಮಾಡಿ, ಊರಿನಲ್ಲಿ ನನ್ನ ಹಾಗೆ ಇನ್ನೂ ಯೋಚನೆ ಮಾಡುತ್ತಿದ್ದವರನ್ನೆಲ್ಲ ತುಂಬಿಕೊಂಡು ಹೊಳೆನರಸೀಪುರದ ಕಡೆ ಒಂದು ದೇವಸ್ಥಾನಕ್ಕೆ ಕರೆದುಕೊಂಡು ಹೋದ. ನನ್ನನ್ನು ಮುಂದಿನ ಸೀಟಿನಲ್ಲಿ ಕೂರಿಸಿದ. ಅಯ್ಯೋ, ಎಷ್ಟು ದಿನವಾಗಿತ್ತು ಅಷ್ಟು ಜನರ ಮಧ್ಯೆ ಕೂತು ಇಡ್ಲಿ ತಿಂದು! ಆ ಖುಷಿಯಲ್ಲೇ ಪೂಜಾರಿ ಹಿಡಿದ ಕರ್ಪೂರದ ಮೇಲೆ ಕೈಯಿಟ್ಟು “ನನ್ನ ಓಟು ಇವನಿಗೇ” ಅಂದುಬಿಟ್ಟೆ. ಅಂದಮೇಲೆ ಹೊಳೆಯಿತು. ಇನ್ನು ಯೋಚನೆ ಮಾಡುವುದಕ್ಕೆ ಏನೂ ಉಳಿದಿಲ್ಲ, ನಾಳೆಯಿಂದ ಯಾರು ಬರುತ್ತಾರೆ?

ಕೆಲವೇ ದಿನದಲ್ಲಿ ಜೆಸಿಬಿಯವನೂ ಟೆಂಪೋ ತಂದ. ಅದೇ ಜನ, ಅದೇ ದೇವಸ್ಥಾನ, ಕೊನೆಗೆ ಇಡ್ಲಿ ಹೋಟೆಲೂ ಅದೇ. ಪೂಜಾರಿ ನಮ್ಮ ಮುಖಗಳನ್ನು ಒಂದೊಂದಾಗಿ ನೋಡಿ ಕರ್ಪೂರ ಕೆಳಗಿಟ್ಟರು.

“ಅಲ್ಲ ಕಣ್ರಪ್ಪ, ಓದ್ ವಾರದ್ದು ಬಿಡಿಸಿ ಹೊಸದು ಮಾಡ್ಬೇಕೋ, ಇಲ್ಲ ಎರಡೂ ಇರ್ಲೋ? ಸ್ವಾಮಿಗೆ ಏನ್ ಏಳ್ಲಿ ನಾನು?”

ಹಿಂದಿನಿಂದ ಯಾರೋ ಅಂದರು: “ಎರಡೂ ಇರ್ಲಿ ಸಾ, ಎಲೆಕ್ಷನ್ ಕಳೀಲಿ, ಆಮ್ಯಾಕೆ ಎರಡೂ ಬಿಡಿಸ್ಕೊತೀವಿ.”

ಯಾರಿಗೆ ಈ ತೊಟ್ಟಿಲು?

ನನಗೆ ಎರಡನೇ ಆಣೆ ಮಾಡಲಾಗಲಿಲ್ಲ. ವಾಪಸ್ ಬರುವಾಗ ಜೆಸಿಬಿಯವನಿಗೆ ನೆಟ್ಟಗೆ ಹೇಳಿಬಿಟ್ಟೆ, ನಾನು ಆಗಲೇ ಗೊಬ್ಬರದಂಗಡಿಯವನಿಗೆ ಮಾತು ಕೊಟ್ಟಾಗಿದೆ ಅಂತ. ಇವನೂ ಕೈಬಿಟ್ಟ ಅಂದುಕೊಂಡೆ. ಟೆಂಪೋ ಮೊಸಳೆ ಮುಟ್ಟುವಷ್ಟರಲ್ಲಿ ಅವನು ತೊಡೆ ತಟ್ಟಿದ.

“ಭಾವ, ನೀವೂ ನಿಂತ್ಕೊಂಡ್ಬುಡಿ! ಎಲೆಕ್ಷನ್‌ಗೆ ನಿಂತೋನು ತನ್ನ ಓಟು ತನಗೇ ತಾನೆ ಆಕ್ಕೊಳದು? ಅದ್ಕೆ ದ್ಯಾವ್ರೂ ಬ್ಯಾಡ ಅನ್ನಾಕಿಲ್ಲ. ಅವ್ನಿಗೆ ನಿಮ್ದೊಂದು ಓಟು ಖೋತಾ. ನಿಮ್ಮ ಮೇಲೆ ಕನಿಕರ ಇರೋ ವಯಸ್ಸಾದೋರ ಓಟೂ ಖೋತಾ.”

ಇಂಥಾ ಬುದ್ಧಿ ನೆಲ ಅಗೆಯುವವನಿಗೆ ಎಲ್ಲಿಂದ ಬಂತೋ! ಅವನ ಲೆಕ್ಕ ಅವನದು. ನನ್ನ ಲೆಕ್ಕವೇ ಬೇರೆ. ನಿಂತವನು ಓಟು ಕೇಳಬೇಕು, ಓಟು ಕೇಳುವುದಕ್ಕೆ ಮನೆಮನೆಗೆ ಹೋಗಬೇಕು, ಹೋದವನನ್ನು ಯಾರೂ ಬೀದಿಯಲ್ಲಿ ನಿಲ್ಲಿಸಿ ಕಳಿಸುವುದಿಲ್ಲ. ಹೂಂ ಅಂದುಬಿಟ್ಟೆ. ನಾಮಪತ್ರ ಹಾಕುವುದಕ್ಕೆ ಇನ್ನೂ ಒಂದು ದಿನ ಉಳಿದಿತ್ತು, ಮಾರನೇ ದಿನವೇ ಹಾಕಿಸಿದ. ಗುರುತು ಕೊಡುವ ದಿನ ಗೊಬ್ಬರದಂಗಡಿಯವನಿಗೆ ಫ್ಯಾನು ಬಂತು, ಜೆಸಿಬಿಯವನಿಗೆ ಟ್ರ್ಯಾಕ್ಟರು ಬಂತು. ಹೆಂಡತಿ ಇಲ್ಲದ, ಮಕ್ಕಳಿಲ್ಲದ, ತಲೆಯೆಲ್ಲ ಬೆಳ್ಳಗಾದ ನನಗೆ ಬಂದದ್ದು ತೊಟ್ಟಿಲು.

ಊರಿನ ಹೆಂಗಸರಿಗೆ ಅಷ್ಟು ಸಾಕಾಯಿತು. “ಏನ್ ಭಾವ, ನಮ್ಗೆ ಏಳ್ದೇನೆ ತೊಟ್ಟಿಲು ತಂದ್ಬುಟ್ರಾ?” “ಎಣ್ಣು ಯಾವೂರು ಭಾವ?” ನಾನೂ ಬಿಡಲಿಲ್ಲ, “ನಿಮ್ಮ ಅಕ್ಕನ್ನ ಕೇಳಿ ಏಳ್ತೀನಿ ಇರ್ರೇ” ಅಂದೆ. ನಕ್ಕವರು ನನ್ನನ್ನು ಒಳಗೆ ಕರೆದು ಕೂರಿಸಿದರು. ಆಮೇಲೆ ಅವಳ ಮಾತು ತೆಗೆದರು. ಅವಳು ಹಾಕುತ್ತಿದ್ದ ಉಪ್ಪಿನಕಾಯಿ, ಅವಳ ಬೈಗುಳ, ಅವಳು ನನ್ನನ್ನು ಗದರುತ್ತಿದ್ದ ರೀತಿ ಎಲ್ಲ ಬಂತು. ಆ ಮನೆಯಲ್ಲಿ ಕತ್ತಲಾಗುವವರೆಗೂ ಕೂತಿದ್ದೆ, ಓಟು ಕೇಳುವುದೇ ಮರೆತು ಬಂದೆ. ಮಾರನೇ ದಿನ ಮತ್ತೆ ಅದೇ ಮನೆಗೆ ಓಟು ಕೇಳಲು ಹೋದೆ. ಅವತ್ತೂ ಮರೆತೆ.

ಬೀದಿಯ ಕೊನೆಯ ಮನೆಯ ಅಜ್ಜಿ ಮಾತ್ರ ಬಾಗಿಲಲ್ಲೇ ಅಡ್ಡಗಟ್ಟಿತು.

“ಎಲ್ಲಪ್ಪಾ ತೊಟ್ಲು?”

“ಯಾವ ತೊಟ್ಲಜ್ಜಿ? ಅದು ಗುರುತು ಕಣಜ್ಜಿ.”

“ಅವ್ನು ಕುಕ್ಕರು ಕೊಟ್ಟ. ನೀನು ತೊಟ್ಲು ಕೊಡ್ತೀಯ ಅಂತ ಬೀದಿಯೆಲ್ಲ ಬರ್ಸ್‌ಕಂಡು ಈಗ ಬರೀ ಚಿತ್ರ ಅಂತೀಯಲ್ಲ! ಮೊಮ್ಮಗಳು ಬಸ್ರಿ, ನಾನು ಅವ್ಳಿಗೆ ಏಳ್ಬುಟ್ಟಿವ್ನಿ, ದುಡ್ ಕೊಟ್ ತಗಬ್ಯಾಡ್ರಿ, ತೊಟ್ಲು ಬತ್ತದೆ ಅಂತ!”

ಮರೆಯೊಳಗೆ

ಓಟಿನ ದಿನ ಬೆಳಿಗ್ಗೆಯೇ ಹೋಗಿ ಸಾಲಿನಲ್ಲಿ ನಿಂತೆ. ಓಟಿನ ಕಾಗದ ಕೊಟ್ಟರು, ಮುದ್ರೆ ಕೊಟ್ಟರು, ರಟ್ಟಿನ ಮರೆಯೊಳಗೆ ಹೋದೆ. ಫ್ಯಾನು, ಟ್ರ್ಯಾಕ್ಟರು, ಕೊನೆಯಲ್ಲಿ ನನ್ನ ತೊಟ್ಟಿಲು.

ಜೆಸಿಬಿಯವನ ಮಾತು ನೆನಪಾಯಿತು, ನಿಂತವನು ತನಗೇ ಒತ್ತಿಕೊಂಡರೆ ದೇವರೂ ಬೇಡ ಅನ್ನುವುದಿಲ್ಲ. ಆದರೆ ದೇವರು ಬೇಡ ಅನ್ನದಿದ್ದರೂ ಅವಳು ಸುಮ್ಮನಿರುವವಳಲ್ಲ. ಕೊಟ್ಟ ಮಾತಿಗೆ ಸಂದು ಹುಡುಕುವವರನ್ನು ಕಂಡರೆ ಅವಳಿಗೆ ಮೈ ಉರಿಯುತ್ತಿತ್ತು. ಫ್ಯಾನಿಗೇ ಒತ್ತಿದೆ.

ಒತ್ತಿದ್ದು ಆಯಿತು, ಕಾಗದ ಮಡಿಸಿದ್ದೂ ಆಯಿತು. ಆದರೆ ಕಾಲು ಏಳಲಿಲ್ಲ. ಅದನ್ನು ಡಬ್ಬಿಗೆ ಹಾಕಿದರೆ ಎಲ್ಲ ಮುಗಿಯಿತಲ್ಲ! ಸಂಜೆ ಮಾತಾಡಲು ಬರುವವರಿಲ್ಲ, ಟೆಂಪೋ ಇಲ್ಲ, ತೊಟ್ಟಿಲ ಹಾಸ್ಯ ಇಲ್ಲ. ನಾಳೆಯಿಂದ ಮತ್ತೆ “ಊಟ ಆಯ್ತಾ”, “ಆಯ್ತು”. ಮಡಿಸಿದ ಕಾಗದ ಹಿಡಿದುಕೊಂಡು ಅಲ್ಲೇ ನಿಂತುಬಿಟ್ಟೆ.

ಆಚೆಯಿಂದ ಅಧಿಕಾರಿ ಕೂಗಿದರು: “ಯಜಮಾನ್ರೇ, ಇರೋದೇ ಮೂರು ಗುರುತು. ಅದಕ್ಕೆ ಇಷ್ಟೊತ್ತಾ? ಒಳಗೇ ಮಲಗಿಬಿಟ್ರಾ? ತೊಟ್ಟಿಲು ಬರೀ ಚಿತ್ರ ರೀ!”

ಒಂದು ಓಟಿನ ವಾರಸುದಾರರು

ಎಣಿಕೆ ಹಾಸನದಲ್ಲಿ ನಡೆಯಿತು. ಗೊಬ್ಬರದಂಗಡಿಯವನು ಗೆದ್ದ, ಅದೂ ಒಂದೇ ಒಂದು ಓಟಿನಿಂದ. ಜೆಸಿಬಿಯವನು ಸೋತು ಗೋಡೆಗೆ ಒರಗಿ ಕೂತ. ಕೊನೆಗೆ ನನ್ನ ಹೆಸರು ಕೂಗಿ “ಒಂದು” ಅಂದರು. ಎಣಿಕೆ ಕೋಣೆಗೆ ಕೋಣೆಯೇ ನಕ್ಕಿತು. ಬಸ್ಸಿನಲ್ಲಿ ಊರಿನವರೂ ನಕ್ಕರು: “ಭಾವ ತಮ್ಗೆ ತಾವೇ ಒತ್ಕೊಂಡವ್ರೆ, ಪರ್ವಾಗಿಲ್ಲ, ಸೊನ್ನೆ ಆಗ್ಲಿಲ್ಲ!”

ನಾನು ಕಿಟಕಿ ಕಡೆ ಮುಖ ಮಾಡಿ ಕೂತೆ. ನಾಚಿಕೆಯಿಂದಲ್ಲ. ನನಗೆ ನಾನು ಒತ್ತಿಕೊಂಡಿಲ್ಲ ಅಂತ ನನಗೊಬ್ಬನಿಗೆ ಗೊತ್ತು. ಹಾಗಾದರೆ ಊರಲ್ಲಿ ಯಾರೋ ಒಬ್ಬರು, ಆ ಮರೆಯೊಳಗೆ ಯಾರೂ ನೋಡದ ಜಾಗದಲ್ಲಿ ನಿಂತು, ನನ್ನನ್ನು ನೆನೆಸಿಕೊಂಡು ಮುದ್ರೆ ಒತ್ತಿದ್ದಾರೆ. ಅದರಿಂದ ಅವರಿಗೆ ಮೂರು ಕಾಸಿನ ಲಾಭವಿಲ್ಲ. ಕಣ್ಣು ತುಂಬಿಕೊಂಡಿತು, ಯಾರು ಏನು ಬೇಕಾದರೂ ಅಂದುಕೊಳ್ಳಲಿ.

ಬಸ್ಸಿಳಿದಾಗ ಮೇಷ್ಟ್ರು ಸಿಕ್ಕರು. ತಡೆಯಲಾರದೆ ಹೇಳಿಬಿಟ್ಟೆ: “ಮೇಷ್ಟ್ರೇ, ಆ ಓಟು ನಂದಲ್ಲ. ನಾನು ಆಣೆ ಪ್ರಕಾರ ಫ್ಯಾನಿಗೆ ಒತ್ತಿದ್ದು.”

ಮೇಷ್ಟ್ರು ಗಂಟಲು ಸರಿಮಾಡಿಕೊಂಡು, ಅತ್ತಿತ್ತ ನೋಡಿ, “ಭಾವ, ಗುಪ್ತ ಮತದಾನ, ಹೇಳಬಾರ್ದು. ಆದ್ರೂ ನಿಮಗೆ ಹೇಳ್ತೀನಿ. ಆ ಓಟು ನಂದು” ಅಂದರು. ನಾನು ಅವರ ಕೈ ಹಿಡಿದುಕೊಂಡೆ.

ಮನೆಗೆ ಬಂದು ಮುಖ ತೊಳೆಯುವಷ್ಟರಲ್ಲಿ ಮೇಷ್ಟ್ರ ಮನೆಯವರು ಬಂದರು. “ಅವ್ರು ಸುಳ್ಳು ಏಳ್ತಾರೆ, ಅದು ನಂದು ಕಣ್ ಭಾವ.” ಆಮೇಲೆ ತೊಟ್ಟಿಲಜ್ಜಿ ಬಂತು: “ನೀ ಕೊಡದಿದ್ರೂ ನಾ ಒತ್ತಿವ್ನಿ.” ಬಸ್ಸಿನಲ್ಲಿ ನಕ್ಕವರೂ ಒಬ್ಬೊಬ್ಬರಾಗಿ ಬಂದು ನನ್ನ ಕಿವಿಯಲ್ಲಿ ಅದೇ ಗುಟ್ಟು ಹೇಳಿದರು. ಗೆದ್ದ ಗೊಬ್ಬರದಂಗಡಿಯವನೂ ಹಾರ ಕೊರಳಲ್ಲಿ ಹಾಕಿಕೊಂಡೇ ಬಂದು, “ನನ್ನೆಂಡ್ತಿ ನಿಮಗೇ ಒತ್ತವಳೆ ಭಾವ, ನಾನೇ ಏಳಿದ್ದೆ” ಅಂದ. ಬಿದ್ದ ಓಟು ಒಂದು, ಜಗುಲಿಯ ಮೇಲೆ ಮಾತ್ರ ಕೂರಲು ಜಾಗವಿಲ್ಲ. ಎಲ್ಲರಿಗೂ ಒಂದೇ ಉತ್ತರ ಕೊಟ್ಟೆ: “ನಂಗೊತ್ತಿತ್ತು ಕಣಪ್ಪ, ನೀನೇ ಅಂತ. ಕೂತ್ಕೊ, ಕಾಫಿ ತತ್ತೀನಿ.” ಹಾಲು ಮುಗಿಯಿತು, ಪಕ್ಕದ ಮನೆಯಿಂದ ಇಸ್ಕೊಂಡದ್ದೂ ಮುಗಿಯಿತು.

ಎಲ್ಲರೂ ಎದ್ದು ಹೋಗುವ ಹೊತ್ತಿಗೆ ಜೆಸಿಬಿಯವನು ಬಂದ. ಹಿಂದೆ ಹೆಂಡತಿ. ಪಾಪ, ಮುಖ ಬಾಡಿಹೋಗಿತ್ತು. ನನ್ನ ಪಕ್ಕ ಕೂತು ದೊಡ್ಡದಾಗಿ ಉಸಿರುಬಿಟ್ಟ.

“ಭಾವ, ನಾನ್ಯಾಕೆ ಸೋತೆ ಗೊತ್ತಾ? ನಿಮ್ಮನ್ನ ನಿಲ್ಸ್‌ದೋನು ನಾನು. ನಿಮಗೆ ಸೊನ್ನೆ ಬಂದ್ರೆ ಊರೋರು ನಗ್ತಾರಲ್ಲ ಅಂತ ಹೊಟ್ಟೆ ಚುರುಕ್ ಅಂತು. ನನ್ನ ಓಟು ನಿಮಗೇ ಒತ್ಬುಟ್ಟೆ. ನಂಗೇ ಒತ್ಕೊಂಡಿದ್ರೆ ಸಮ ಆಗೋದು. ನಿಮಗೋಸ್ಕರ ತ್ಯಾಗ ಮಾಡ್ದೆ ಕಣ್ ಭಾವ.”

ಹೆಂಡತಿ ಬಾಗಿಲಲ್ಲಿ ಲೋಟಗಳನ್ನು ಒಟ್ಟುಮಾಡುತ್ತಿದ್ದಳು. ಕೈಲಿದ್ದದ್ದನ್ನು ಟಣ್ ಅಂತ ಕೆಳಗಿಟ್ಟಳು.

“ಅದೆಂಗಾತದೆ? ಬಿದ್ದಿರೋದು ಒಂದೇ ಅಲ್ವಾ? ಅದು ನಾನು ಒತ್ತಿದ್ದು.”

ಅವನು ತಟ್ಟನೆ ಅವಳ ಕಡೆ ತಿರುಗಿದ. “ಏನಂದೆ?”

“ಹೂಂ. ಇಷ್ಟ್ ದಿನ ಈ ಅಣ್ಣನ ಮನೇಲಿ ಕೂತು ಕಾಫಿ ಕುಡ್ದಿವಿ. ಓಟು ಮುಗುದ್ಮೇಲೆ ಇಲ್ಲಿಗೆ ಯಾರೂ ಬರಾಕಿಲ್ಲ ಅಂತ ಆ ಒಂದೇ ತಟ್ಟೆ ಕಂಡಾಗ್ಲೇ ಅನ್ನುಸ್ತು. ಸಂಕಟ ಆಯ್ತು, ಒತ್ದೆ. ನಿಂಗೆ ಊರೇ ಒತ್ತತದೆ ಅಂತ ನೀನೇ ಅಂತಿದ್ದೆ, ಒಂದು ಓದ್ರೆ ಏನಾತದೆ?”

“ಒಂದ್ರಲ್ಲೇ ಕಣೇ ನಾನು ಸೋತಿದ್ದು!”

“ಈಗ ತಾನೆ ತ್ಯಾಗ ಮಾಡ್ದೆ ಅಂದ್ಯಲ್ಲ? ನೀನ್ ಮಾಡುದ್ರೇನು, ನಾನ್ ಮಾಡುದ್ರೇನು, ಒಂದೇ ಮನೇದು ತಾನೆ!”

ಶುರುವಾಯಿತು ನೋಡಿ! ಅವನು ಟ್ರ್ಯಾಕ್ಟರ್ ಅಂದ, ಅವಳು ತೊಟ್ಟಿಲು ಅಂದಳು. ಅವನು ಅವಳ ತವರಿನವರನ್ನು ಎಳೆದು ತಂದ, ಅವಳು ಅವನ ಅಮ್ಮನನ್ನು ಎಳೆದು ತಂದಳು. ನನಗೆ ಬಿದ್ದ ಓಟು ಯಾರದು ಅಂತ ನನಗೆ ಗೊತ್ತಾಗಿತ್ತು. ಕಣ್ಣೊರೆಸಿಕೊಳ್ಳುತ್ತಾ ಅಡುಗೆಮನೆಗೆ ಹೋಗಿ, ಹಾಲಿಲ್ಲದಿದ್ದರೂ ಇರಲಿ ಅಂತ ಬೆಲ್ಲದ ಕಾಫಿಗೆ ನೀರಿಟ್ಟೆ. ಮೂರು ವರ್ಷವಾಗಿತ್ತು, ಈ ಮನೆಯಲ್ಲಿ ಗಂಡ ಹೆಂಡತಿ ಜಗಳ ಕೇಳಿ. ಅಷ್ಟರಲ್ಲಿ ಆಚೆ ಇಬ್ಬರ ದನಿಯೂ ತಗ್ಗುತ್ತಾ ಬಂತು. ರಾಜಿಯಾಗಿ ಎದ್ದು ಹೋಗಿಬಿಟ್ಟಾರು ಅಂತ ನನಗೆ ಗಾಬರಿಯಾಗಿ ಒಳಗಿನಿಂದಲೇ ಕೂಗಿದೆ:

“ತಂಗ್ಯವ್ವಾ, ಬಿಡ್ಬೇಡ ಕಣವ್ವ! ಅವನು ಮೊದಲು ಅಂದಿದ್ದಕ್ಕೆ ನೀನಿನ್ನೂ ಉತ್ತರಾನೇ ಕೊಟ್ಟಿಲ್ಲ!”